ಮೊಲ ನಿಂತ ನೆಲ: ಚಿಕ್ಕಬಳ್ಳಾಪುರ ಸೀಮೆಯ ಬೇಟೆ ಮತ್ತು ಗೋಮಾಳದ ಜಿಂಕೆಗಳು

ಚಿಕ್ಕಬಳ್ಳಾಪುರದ ಸ್ಥಾಪನೆಯ ಐತಿಹ್ಯ ಒಂದು ಬೇಟೆಯಿಂದ ಆರಂಭವಾಗುತ್ತದೆ. ಆವತಿನಾಡಿನ ಪ್ರಭು ಮಲ್ಲಬೈರೇಗೌಡನ ಮಗ ಮರಿಗೌಡನು ಕೋಡಿಮಂಚನಹಳ್ಳಿಯ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಮೊಲವೊಂದು ಅಟ್ಟಿಬಂದ ಬೇಟೆನಾಯಿಗಳಿಗೆ ಬೆದರಿ ಓಡದೆ, ಅವುಗಳಿಗೆದುರಾಗಿ ನಿಂತು ಕುಣಿಯಿತಂತೆ. ಮೊಲಕ್ಕೇ ಇಂಥ ಎದೆಗಾರಿಕೆ ಬರಬೇಕಾದರೆ ಇದು ಗಂಡುಮೆಟ್ಟಿನ ನೆಲವೇ ಸರಿ ಎಂದು ಬಗೆದು, ವಿಜಯನಗರದ ಅರಸರ ಅನುಮತಿ ಪಡೆದು, ಅಲ್ಲಿ ಕೋಟೆ ಕಟ್ಟಿ ಊರು ಮಾಡಿದರೆಂದು ಸ್ಥಳಪುರಾಣ ಹೇಳುತ್ತದೆ. ಇದು ನಡೆದದ್ದು 1479ರಲ್ಲಿ ಎಂಬುದು ರೂಢಿಯ ಲೆಕ್ಕ.

ಇಂಥ ಕಥೆ ಚಿಕ್ಕಬಳ್ಳಾಪುರಕ್ಕೆ ಮಾತ್ರ ಮೀಸಲಾದುದಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಆ ರಾಜಧಾನಿಯ ಹುಟ್ಟಿನ ಬಗ್ಗೆ ಬರೆದಿರುವುದೂ ಇದನ್ನೇ: ಅರಸನು ನದಿಯಾಚೆಯ ಕಾಡಿನಲ್ಲಿ ಬೇಟೆಯಾಡುವಾಗ ಮೊಲವೊಂದು ನಾಯಿಗಳನ್ನು ತಿರುಗಿ ಕಚ್ಚಿತು, ತಪಸ್ವಿಯೊಬ್ಬನು ಅದರ ಅರ್ಥವನ್ನು ಬಿಡಿಸಿ ಹೇಳಿದನು, ಪಟ್ಟಣ ಎದ್ದಿತು. ವಿಜಯನಗರದ ನೆರಳಿನಲ್ಲಿ ಬೆಳೆದ ಪಾಳೆಯಗಾರರು ತಮ್ಮ ಊರಿಗೂ ಅದೇ ಶಕುನವನ್ನು ತಂದುಕೊಂಡದ್ದು ಸಹಜ. ಊರು ಕಟ್ಟುವುದಕ್ಕೆ ಮೊದಲು ಆ ನೆಲದಲ್ಲಿ ಬೇಟೆಯಾಡುವುದು, ಬೇಟೆಯ ಮೂಲಕ ನೆಲವನ್ನು ತನ್ನದೆಂದು ಸಾರುವುದು ಮಧ್ಯಕಾಲದ ಅರಸುತನದ ಭಾಷೆ. ಕಥೆಯನ್ನು ಹೇಳುವವರು ಕೋಟೆಯ ಕಲ್ಲುಗಳನ್ನು ಎಣಿಸುತ್ತಾರೆ; ಕುಣಿದ ಮೊಲ ಆಮೇಲೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಅದು ನಿಂತಿದ್ದ ಕಾಡೂ ಉಳಿಯಲಿಲ್ಲ.

ಈ ಸೀಮೆಯ ನೆಲದ ಬಗೆಯನ್ನು ಅರಿಯದೆ ಇಲ್ಲಿನ ಬೇಟೆಯ ಚರಿತ್ರೆ ತಿಳಿಯುವುದಿಲ್ಲ. ನಂದಿಬೆಟ್ಟಗಳ ಸಾಲಿನ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ಹುಟ್ಟುತ್ತವೆ. ಆದರೂ ಇದು ನದಿಗಳ ನಾಡಲ್ಲ, ಕೆರೆಗಳ ನಾಡು. ಶಿಡ್ಲಘಟ್ಟದ ತಲಕಾಯಲಬೆಟ್ಟ, ಚಿಂತಾಮಣಿಯ ಅಂಬಾಜಿದುರ್ಗ, ಕೈವಾರದ ಬೆಟ್ಟಗಳ ಬುಡದಲ್ಲಿ ಕುರುಚಲು ಕಾಡು. ಗೌರಿಬಿದನೂರಿನಿಂದ ಪಡುವಣಕ್ಕೆ ಮಧುಗಿರಿಯತ್ತ, ಬಡಗಣಕ್ಕೆ ಹಿಂದೂಪುರದತ್ತ ಹರಡಿದ ಬಯಲಿನಲ್ಲಿ ಹುಲ್ಲು. ಊರ ಹೊಲಗಳಾಚೆ ಯಾರ ಖಾತೆಗೂ ಸೇರದ ಗೋಮಾಳ, ಹುಲ್ಲುಬನ್ನಿ, ಕಾವಲು, ಕೆರೆಯಂಗಳ. ಕಾಡುಪ್ರಾಣಿಗಳಲ್ಲಿ ದೊಡ್ಡವೆಲ್ಲ ಬೆಟ್ಟದ ಮರೆಯನ್ನು ಹಿಡಿದರೆ, ಜಿಂಕೆ ಮಾತ್ರ ಈ ಬಯಲನ್ನೇ ಆಶ್ರಯಿಸಿತು. ಹಳಗನ್ನಡದಲ್ಲಿ ಎರಳೆ, ಪುಲ್ಲೆ. ಬಡಗಣ ಕನ್ನಡದಲ್ಲಿ ಚಿಗರಿ. ಸಂಸ್ಕೃತದಲ್ಲಿ ಕೃಷ್ಣಸಾರ, ಕೃಷ್ಣಮೃಗ. ಗಂಡು ಬೆಳೆದಂತೆ ಬೆನ್ನು ಕಪ್ಪಾಗುತ್ತದೆ, ಕೊಂಬು ಸುರುಳಿ ಸುತ್ತುತ್ತದೆ, ಕಡವೆಯ ಅಥವಾ ಸಾರಗದ ಕೊಂಬಿನಂತೆ ವರ್ಷವರ್ಷ ಉದುರುವುದಿಲ್ಲ. ಅಡಗಿ ಬದುಕುವುದು ಇದರ ಸ್ವಭಾವವಲ್ಲ. ದೂರದಿಂದ ನೋಡಿ, ಓಡಿ ಪಾರಾಗುವುದೇ ಇದರ ರಕ್ಷೆ. ಆದ್ದರಿಂದ ಇದಕ್ಕೆ ತೆರೆದ ನೆಲ ಬೇಕು, ಮತ್ತು ತೆರೆದ ನೆಲವೆಂದರೆ ಎಲ್ಲರ ನೆಲ.

ಕೃಷ್ಣಮೃಗಕ್ಕೆ ಶಾಸ್ತ್ರಗಳಲ್ಲಿ ಒಂದು ವಿಚಿತ್ರವಾದ ಗೌರವವಿದೆ. ಯಾವ ನೆಲದಲ್ಲಿ ಕೃಷ್ಣಸಾರವು ತಾನಾಗಿ ಸಂಚರಿಸುತ್ತದೆಯೋ ಆ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ಹೇಳುತ್ತದೆ. ಪ್ರಾಣಿಯ ನಿರ್ಭಯವಾದ ಸಂಚಾರವೇ ನೆಲದ ಪಾವಿತ್ರ್ಯಕ್ಕೆ ಗುರುತು. ಅದರ ಚರ್ಮ ದೀಕ್ಷೆಗೆ ಹಾಸು. ಇವೆರಡನ್ನೂ ಒಂದೇ ಪರಂಪರೆ ಹೇಗೆ ಹೊತ್ತುಕೊಂಡಿತೆಂಬುದನ್ನು ಜೈನಾಚಾರ್ಯರು ಶತಮಾನಗಳ ಕಾಲ ಪ್ರಶ್ನಿಸುತ್ತಲೇ ಬಂದರು. ಆ ಪ್ರಶ್ನೆಗೆ ಈ ಸೀಮೆಯಲ್ಲೇ ಒಂದು ಶಿಲಾಸಾಕ್ಷಿಯ ಹಿನ್ನೆಲೆಯಿದೆ.

ನಂದಿ ಗ್ರಾಮದ ಬಳಿಯ ಗೋಪಿನಾಥಗುಡ್ಡದಲ್ಲಿ ಸುಮಾರು ಎಂಟನೆಯ ಶತಮಾನದ ಶಾಸನವೊಂದಿದೆ. ದಶರಥನ ಮಗನಾದ ರಾಮನು ಅಲ್ಲಿ ಅರ್ಹಂತರ ಚೈತ್ಯಭವನವನ್ನು ಮಾಡಿಸಿದನೆಂದೂ, ಪಾಂಡವರ ತಾಯಿ ಕುಂತಿಯು ಅದನ್ನು ಜೀರ್ಣೋದ್ಧಾರ ಮಾಡಿಸಿದಳೆಂದೂ ಅದು ಸಾರುತ್ತದೆ. ಗಂಗರ ಕಾಲಕ್ಕೆ ಈ ಗುಡ್ಡ ಜೈನ ಮುನಿಗಳ ನೆಲೆಯಾಗಿದ್ದುದಕ್ಕೆ ಇದು ಆಧಾರ. ಇಲ್ಲಿ ಹೆಸರಿಸಲಾದ ರಾಮನು ಜೈನ ಪರಂಪರೆಯ ರಾಮ, ಬಲಭದ್ರ. ವಿಮಲಸೂರಿ, ರವಿಷೇಣರ ದಾರಿಯಲ್ಲಿ ಬಂದ ಜೈನ ರಾಮಾಯಣಗಳಲ್ಲಿ, ಅದೇ ದಾರಿಯ ನಾಗಚಂದ್ರನ ಕನ್ನಡ ಕಾವ್ಯದಲ್ಲಿ ಕೂಡ, ಚಿನ್ನದ ಜಿಂಕೆಯ ಪ್ರಸಂಗವೇ ಇಲ್ಲ. ಲಕ್ಷ್ಮಣನ ಸಿಂಹನಾದವನ್ನು ಹೋಲುವ ಕಪಟ ಧ್ವನಿಯನ್ನು ಕೇಳಿ ರಾಮನು ಹೋಗುತ್ತಾನೆ. ಬಿಲ್ಲು ಹಿಡಿದು ಜಿಂಕೆಯ ಬೆನ್ನಟ್ಟುವುದಿಲ್ಲ. ಗುಣಭದ್ರರ ಉತ್ತರಪುರಾಣದ ಪರಂಪರೆ ಮಾತ್ರ ಮಾಯಾಮೃಗವನ್ನು ಉಳಿಸಿಕೊಂಡಿದೆ. ಮೋಕ್ಷಗಾಮಿಯಾದ ಮಹಾಪುರುಷನನ್ನು ಬೇಟೆಗಾರನಾಗಿ ತೋರಿಸಲು ಮೊದಲ ಪರಂಪರೆಯ ಕವಿಗಳು ಹಿಂಜರಿದರೆಂದು ಊಹಿಸುವುದು ಅಸಂಗತವಲ್ಲ.

ಶ್ರಾವಕನು ಬಿಡಬೇಕಾದ ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದು. ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರದಾರಗಮನ ಎಂಬ ಈ ಏಳಕ್ಕೆ ವಸುನಂದಿ ಶ್ರಾವಕಾಚಾರ ಏಳು ದೃಷ್ಟಾಂತಗಳನ್ನು ಕೊಡುತ್ತದೆ. ಬೇಟೆಯಿಂದ ಕೆಟ್ಟವನು ಬ್ರಹ್ಮದತ್ತ ಚಕ್ರವರ್ತಿ; ಮಾಂಸದ ಆಸೆಯಿಂದ ಕೆಟ್ಟವನು ಏಕಚಕ್ರನಗರದ ಬಕ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಆ ಏಕಚಕ್ರಪುರವೆಂದೂ, ಭೀಮನು ಬಕಾಸುರನನ್ನು ಕೊಂದುದು ಅಲ್ಲಿಯ ಬೆಟ್ಟದಲ್ಲೆಂದೂ ಸ್ಥಳೀಯರು ನಂಬುತ್ತಾರೆ. ಪ್ರಾಕೃತ ಗಾಹೆಯ ದೃಷ್ಟಾಂತಕ್ಕೂ ಈ ನಂಬಿಕೆಗೂ ನೇರ ಸಂಬಂಧವಿಲ್ಲ. ಆದರೂ ವ್ಯಸನಗಳ ಪಟ್ಟಿಯಲ್ಲಿ ಬರುವ ಊರೊಂದು ಈ ಸೀಮೆಯ ಜನಮನದಲ್ಲಿ ನೆಲೆಯೂರಿರುವುದು ಗಮನಾರ್ಹ.

ಜೈನ ಕಥಾಸಾಹಿತ್ಯದಲ್ಲಿ ಬೇಟೆ ಮತ್ತು ಜಿಂಕೆ ಬರುವ ಸ್ಥಾನ ಇನ್ನೂ ಆಳವಾದುದು. ವರ್ಧಮಾನ ಮಹಾವೀರರ ಭವಾವಳಿ ಆರಂಭವಾಗುವುದೇ ಒಬ್ಬ ಬೇಟೆಗಾರನಿಂದ. ಪುರೂರವನೆಂಬ ಬೇಡರೊಡೆಯನು ಕಾಡಿನಲ್ಲಿ ಸಾಗರಸೇನ ಮುನಿಯನ್ನು ದೂರದಿಂದ ಕಂಡು ಜಿಂಕೆಯೆಂದು ಭ್ರಮಿಸಿ ಬಾಣ ಹೂಡುತ್ತಾನೆ. ಹೆಂಡತಿ ಕಾಳಿಕೆಯು, ಇವರು ವನದೇವತೆಗಳು, ಕೊಲ್ಲಬೇಡ ಎಂದು ತಡೆಯುತ್ತಾಳೆ. ಬಿಲ್ಲಿಳಿಸಿದ ಬೇಡನು ಮುನಿಯಿಂದ ಮದ್ಯ, ಮಾಂಸ, ಮಧುತ್ಯಾಗದ ವ್ರತ ಪಡೆಯುತ್ತಾನೆ. ಆ ಜೀವವೇ ಮುಂದೆ ಮರೀಚಿಯಾಗಿ, ಅನೇಕ ಭವಗಳನ್ನು ದಾಟಿ ಕೊನೆಯ ತೀರ್ಥಂಕರನಾಗುತ್ತದೆ. ಬೇಟೆಗಾರನನ್ನು ಪತಿತನೆಂದು ಹೊರಗಿಡದೆ ತೀರ್ಥಂಕರತ್ವದ ಬೀಜವನ್ನು ಅವನಲ್ಲೇ ಕಂಡ ಕಥೆ ಇದು. ಗುಣಭದ್ರರ ಉತ್ತರಪುರಾಣ ಶಕವರ್ಷ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಬಂಕಾಪುರದಲ್ಲಿ ಪೂಜೆಗೊಂಡಿತು. ಬಂಕಾಪುರ ಇಂದಿನ ಹಾವೇರಿ ಜಿಲ್ಲೆಯ ಊರು. 1974ರಲ್ಲಿ ಕೃಷ್ಣಮೃಗಗಳಿಗೆಂದೇ ಸ್ಥಾಪಿತವಾದ ರಾಣೆಬೆನ್ನೂರು ಅಭಯಾರಣ್ಯವೂ ಅದೇ ಜಿಲ್ಲೆಯಲ್ಲಿದೆ.

ಜನ್ನನ ಯಶೋಧರ ಚರಿತೆಯಲ್ಲಿ (1209) ಯಶೋಮತಿಯು ಬೇಟೆಗೆ ಹೊರಟಾಗ ಸುದತ್ತ ಮುನಿಯನ್ನು ಕಂಡು, ಅಪಶಕುನವೆಂದು ಸಿಟ್ಟಾಗಿ ಬೇಟೆನಾಯಿಗಳನ್ನು ಛೂಬಿಡುತ್ತಾನೆ. ನಾಯಿಗಳು ಮುನಿಯ ಮುಂದೆ ತಲೆಬಾಗುತ್ತವೆ. ಚಿಕ್ಕಬಳ್ಳಾಪುರದ ಕಥೆಯಲ್ಲಿಯೂ ನಾಯಿಗಳು ತಡೆದು ನಿಲ್ಲುತ್ತವೆ, ಆದರೆ ಅಲ್ಲಿ ಅದು ಕೋಟೆ ಕಟ್ಟುವುದಕ್ಕೆ ಕಾರಣ; ಇಲ್ಲಿ ಬೇಟೆಯನ್ನೇ ಬಿಡುವುದಕ್ಕೆ. ನೇಮಿನಾಥರ ಕಥೆಯಂತೂ ಪ್ರಸಿದ್ಧ: ಮದುವೆಯ ಔತಣಕ್ಕೆಂದು ಕೂಡಿಹಾಕಿದ ಜಿಂಕೆ ಮೊದಲಾದ ಪ್ರಾಣಿಗಳ ಆಕ್ರಂದನವನ್ನು ಕೇಳಿ ವರನು ರಥವನ್ನು ತಿರುಗಿಸುತ್ತಾನೆ. ಹದಿನಾರನೆಯ ತೀರ್ಥಂಕರ ಶಾಂತಿನಾಥರ ಲಾಂಛನವೇ ಜಿಂಕೆ.

ಇಷ್ಟನ್ನು ಹೇಳಿ ಜೈನರೆಲ್ಲರೂ ಬೇಟೆಯಿಂದ ದೂರವಿದ್ದರೆಂದು ತೀರ್ಮಾನಿಸಿದರೆ ಚರಿತ್ರೆಗೆ ಅಪಚಾರವಾದೀತು. ಜಿನಧರ್ಮದ ಪೋಷಕರೆನಿಸಿದ ಗಂಗರ ಕಾಲದ ಆತಕೂರು ಶಾಸನ (949–50) ಇದಕ್ಕೆ ನಿದರ್ಶನ. ಬೂತುಗನು ತನ್ನ ಆಳು ಮಣಲೇರನಿಗೆ ಕೊಟ್ಟ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ, ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಜೈನಕವಿ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ಬೇಟೆಯನ್ನು ವರ್ಣಿಸುವಾಗ ಕೇಳಿದ್ದನ್ನು ಹೇಳುವವನಂತಿಲ್ಲ, ಬೇಟೆಯ ಪರಿಭಾಷೆಯನ್ನು ಬಲ್ಲವನಂತಿದ್ದಾನೆ. ಅದೇ ಪಂಪನು, ಕೂಡಿದ್ದ ಜಿಂಕೆಯ ರೂಪದ ಋಷಿಯನ್ನು ಎಚ್ಚು ಶಾಪಕ್ಕೀಡಾದ ಪಾಂಡುವಿನ ಕಥೆಯನ್ನೂ ಹೇಳುತ್ತಾನೆ. ಭಾರತದ ದುರಂತಕ್ಕೆ ಮೂಲ ಜೂಜೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಹಿಂದೆ ಒಂದು ಜಿಂಕೆಬೇಟೆಯಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಬೇಟೆಯನ್ನು ರಾಜವಿನೋದಗಳಲ್ಲಿ ಸೇರಿಸಿ, ಪಳಗಿಸಿದ ಚೀತಾಗಳನ್ನು ಬಿಟ್ಟು ಜಿಂಕೆ ಹಿಡಿಸುವುದನ್ನೂ ವಿವರಿಸುತ್ತದೆ.

ಅರಸರ ಬೇಟೆ ದಾಖಲೆಗೆ ಬಂತು. ಗೋಮಾಳದ ಬೇಟೆ ಬರಲಿಲ್ಲ, ಆದರೆ ಪದಗಳಲ್ಲಿ, ವಾಡಿಕೆಗಳಲ್ಲಿ ಉಳಿಯಿತು. ಉರುಳು, ಕಣ್ಣಿ, ಬಲೆ, ಸೋವು ಎಂಬ ಮಾತುಗಳು ರೈತನ ಮನೆಯವು. ಮೃಗವನ್ನು ಸೆಳೆಯಲು ಪಳಗಿಸಿ ಮುಂದೆ ಬಿಡುವ ಪ್ರಾಣಿಗೆ ದೀಮವೆಂದು ಹೆಸರು. ಮೇಯುವ ಎತ್ತಿನ ಮರೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಸರಿದು ಜಿಂಕೆಯ ಹಿಂಡನ್ನು ಸಮೀಪಿಸುವುದು ದಖ್ಖನಿನ ಬೇಟೆಗಾರ ಸಮುದಾಯಗಳ ಹಳೆಯ ವಿದ್ಯೆ. ಜಿಂಕೆಗೆ ಎತ್ತಿನ ಭಯವಿಲ್ಲ, ಏಕೆಂದರೆ ಅದು ದಿನವೂ ದನಗಳೊಡನೆ ಒಂದೇ ಗೋಮಾಳದಲ್ಲಿ ಮೇಯುತ್ತದೆ. ಆ ವಿಶ್ವಾಸವನ್ನೇ ಬೇಟೆಗಾರನು ಬಳಸಿಕೊಂಡನು. ಯುಗಾದಿಯ ಮರುದಿನದ ಹೊಸತೊಡಕಿಗೆ ಊರಿನ ಗಂಡಸರು ನಾಯಿ, ದೊಣ್ಣೆ, ಬಲೆಗಳೊಡನೆ ಮೊಲ ಸೋವುತ್ತ ಹೋಗುವುದು ಹಳೇ ಮೈಸೂರು ಸೀಮೆಯ ಅನೇಕ ಊರುಗಳ ವಾಡಿಕೆಯಾಗಿತ್ತು. ಬೇಡ ಸಮುದಾಯದವರಿಗೂ ಹಕ್ಕಿಪಿಕ್ಕಿಗಳಿಗೂ ಬೇಟೆ ಹಬ್ಬದ ವಿನೋದವಲ್ಲ, ಹೊಟ್ಟೆಪಾಡು. ಅಹಿಂಸೆಯ ದೃಷ್ಟಿಯಿಂದ ಎರಡೂ ಹಿಂಸೆಯೇ. ಆದರೆ ಜೈನಶಾಸ್ತ್ರವೇ ಸಂಕಲ್ಪೀ ಹಿಂಸೆಯನ್ನು ಉದ್ಯಮದ, ಆರಂಭದ ಹಿಂಸೆಯಿಂದ ಬೇರ್ಪಡಿಸಿ ನೋಡಿದೆ. ಹಸಿದವನ ಉರುಳನ್ನೂ ಅರಸನ ಚೀತಾವನ್ನೂ ಒಂದೇ ತಕ್ಕಡಿಯಲ್ಲಿಡುವುದು ಸುಲಭವಾದ ನೀತಿ, ನ್ಯಾಯವಾದ ನೀತಿಯಲ್ಲ.

1762ರಲ್ಲಿ ಚಿಕ್ಕಬಳ್ಳಾಪುರದ ಪಾಳೆಯಪಟ್ಟು ಹೈದರನ ವಶವಾಯಿತು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಬೇಟೆಚೀತಾಗಳು ಕೂಡ ಗೆದ್ದವರ ಪಾಲಾದವು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯಾದಾಗ, ಬಂದೂಕವನ್ನು ಬಲ್ಲ, ಬಿಡುವುಳ್ಳ, ಬೇಟೆಯನ್ನು ಪೌರುಷದ ಲಕ್ಷಣವೆಂದು ತಿಳಿದ ಒಂದು ದೊಡ್ಡ ವರ್ಗ ಈ ಬಯಲುಗಳಿಗೆ ಒಂದೆರಡು ದಿನದ ಸವಾರಿಯ ದೂರದಲ್ಲಿ ಬಂದು ಕುಳಿತಂತಾಯಿತು. ಕಬ್ಬನ್ ಬೇಸಿಗೆಗೆ ನಂದಿಯನ್ನೇರುತ್ತಿದ್ದನು. ಎತ್ತಿನ ಮರೆಯ ಹಳೆಯ ಯುಕ್ತಿಯನ್ನು ಸಾಹೇಬರೂ ಕಲಿತರು; ಅವರಿಗೆ ಎತ್ತಿನ ಗಾಡಿಯೇ ಮರೆ. ಗಾಡಿ ನಿಧಾನವಾಗಿ ಹಿಂಡನ್ನು ಬಳಸಿ ಸುತ್ತುತ್ತ ಸುತ್ತುತ್ತ ಹತ್ತಿರವಾಗುವುದು, ಗಾಡಿಯ ಮಗ್ಗುಲಿನಿಂದ ಗುಂಡು ಹಾರುವುದು. ಕೆಲವು ವರ್ಷಗಳಲ್ಲಿ ಜಿಂಕೆಗಳು ಗಾಡಿಯನ್ನು ಕಂಡರೂ ದೂರ ಸರಿಯತೊಡಗಿದುವೆಂದು ಆ ಕಾಲದ ಬೇಟೆಗಾರರ ಬರೆಹಗಳು ದೂರುತ್ತವೆ. ಬೇಟೆ ಹೆಚ್ಚಿದ ನೆಲದಲ್ಲಿ ಪ್ರಾಣಿ ಕಲಿಯುತ್ತದೆ: ಯಾವ ಸದ್ದು ದನಗಾಹಿಯದು, ಯಾವುದು ಕೋವಿ ಹಿಡಿದವನದು, ಎಷ್ಟು ದೂರ ಸಾಕು, ಎಷ್ಟು ಸಾಲದು. ಕಲಿಯದ ಜಿಂಕೆ ಉಳಿಯುವುದಿಲ್ಲ. ಆದರೆ ಜಿಂಕೆ ಒಂದು ತಲೆಮಾರಿನಲ್ಲಿ ಕಲಿತದ್ದನ್ನು ಮನುಷ್ಯನ ಹೊಸ ಯಂತ್ರ ಒಂದು ವರ್ಷದಲ್ಲಿ ಅಳಿಸಿಬಿಡುತ್ತದೆ.

1890ರ ದಶಕದ ಆರಂಭದಲ್ಲಿ ಬೆಂಗಳೂರು–ಗುಂತಕಲ್ ರೈಲುಮಾರ್ಗ ಗೌರಿಬಿದನೂರನ್ನು ಹಾದುಹೋಯಿತು. ಮುಂದೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೂ ಕಿರುರೈಲು ಬಂತು. ರೇಷ್ಮೆ, ಆಲೂಗಡ್ಡೆ, ಕಡಲೆಕಾಯಿಗಳು ಪಟ್ಟಣಕ್ಕೆ ಹೋದ ದಾರಿಯಲ್ಲಿಯೇ ಪಟ್ಟಣದ ಬೇಟೆಗಾರರು ಇತ್ತ ಬಂದರು. ಮೈಸೂರು ಸರ್ಕಾರ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಯ ರೆಗ್ಯುಲೇಷನ್ನನ್ನು ಜಾರಿಗೆ ತಂದಿತು. ಕಾಡುಪ್ರಾಣಿಗಳನ್ನು ಕೊಲ್ಲುವುದಕ್ಕೆ ನಿಯಮ ವಿಧಿಸುವ ಅಧಿಕಾರ ಸರ್ಕಾರದ ಕೈಗೆ ಬಂದದ್ದು ಹೀಗೆ. ಅದರ ಆಶಯದಲ್ಲಿ ಕರುಣೆಗಿಂತ ಲೆಕ್ಕಾಚಾರ ಹೆಚ್ಚು: ಇಂದು ಎಲ್ಲವನ್ನೂ ಕೊಂದರೆ ನಾಳೆ ಬೇಟೆಗೆ ಏನೂ ಉಳಿಯದು ಎಂಬ ದೊರೆತನದ ವಿವೇಕ. ಉರುಳು ಹಾಕುವ ಬಡವ ಕಳ್ಳಬೇಟೆಗಾರನಾದನು. ಪರವಾನಗಿ ಪಡೆದ ಕೋವಿಯವನು ಕ್ರೀಡಾಪಟುವಾದನು. ಕೊಲ್ಲಲ್ಪಟ್ಟ ಜಿಂಕೆಗೆ ಈ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಇದೇ ಕಾಲದಲ್ಲಿ ಅಮೆರಿಕದಲ್ಲಿಯೂ ಇಂಥದೇ ಸಂಕಟ ಎದುರಾಗಿತ್ತು. ಅಲ್ಲಿನ ಬಿಳಿಬಾಲದ ಜಿಂಕೆ, ಮಾಂಸ ಮತ್ತು ಚರ್ಮದ ಮಾರುಕಟ್ಟೆಗಾಗಿ ನಡೆದ ಮಿತಿಮೀರಿದ ಬೇಟೆಯಿಂದ, 1900ರ ಹೊತ್ತಿಗೆ ಸುಮಾರು 5 ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. 1900ರ ಲೇಸಿ ಕಾಯ್ದೆ ಕಾನೂನುಬಾಹಿರವಾಗಿ ಕೊಂದ ಪ್ರಾಣಿಗಳ ಅಂತರರಾಜ್ಯ ವ್ಯಾಪಾರವನ್ನು ತಡೆಯಿತು. 1937ರ ಕಾಯ್ದೆಯೊಂದು ಕೋವಿ ಮದ್ದುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪಾಲನೆಗೆ ಮೀಸಲಿಟ್ಟಿತು. ಇಂದು ಅವುಗಳ ಸಂಖ್ಯೆ ಸುಮಾರು 3 ಕೋಟಿ. ಸಾರ್ವಜನಿಕ ಕಾಡುಗಳಲ್ಲಿ ಋತುವಿನ ಮೊದಲ ದಿನವೇ ಬೇಟೆಗಾರರು ಕಿಕ್ಕಿರಿಯುತ್ತಾರೆ, ಜಿಂಕೆಗಳು ಹಗಲೆಲ್ಲ ಪೊದೆಯಲ್ಲಡಗಿ ಇರುಳಿಗೆ ಮಾತ್ರ ಹೊರಬರುತ್ತವೆ. ಅಡಗಬಲ್ಲ ಪ್ರಾಣಿಗೆ ಅದು ಸಾಧ್ಯ. ಮೇಲಾಗಿ ಅಲ್ಲಿ ಜಿಂಕೆಗೆ ನೆಲ ಉಳಿದಿತ್ತು. ಬಯಲಿನ ಕೃಷ್ಣಮೃಗಕ್ಕೆ ಅಡಗಲು ಪೊದೆಯೂ ಇಲ್ಲ, ಸರಿದುಹೋಗಲು ಬೇರೆ ಬಯಲೂ ಇಲ್ಲ. ಅಮೆರಿಕದ ಉದಾಹರಣೆಯನ್ನು ತೋರಿಸಿ, ಬೇಟೆಗೆ ಅವಕಾಶ ಕೊಟ್ಟರೆ ಪ್ರಾಣಿಗಳು ಹೆಚ್ಚುತ್ತವೆಂದು ವಾದಿಸುವವರು ಈ ಭೇದವನ್ನು ಮರೆಯುತ್ತಾರೆ.

ಎರಡನೆಯ ಮಹಾಯುದ್ಧದ ನಂತರ ಜೀಪು ಬಂತು, ಜೀಪಿನೊಡನೆ ಪ್ರಖರವಾದ ದೀಪ. ಇದು ಬಯಲಿನ ಜಿಂಕೆಗೆ ಮೃತ್ಯುವೇ ಆಯಿತು. ಹಗಲಿನಲ್ಲಿ ಮೈಲಿ ದೂರದಿಂದ ಅಪಾಯವನ್ನು ಗುರುತಿಸುವ ಕಣ್ಣು ಇರುಳಿನಲ್ಲಿ ಬೆಳಕಿಗೆ ಸಿಕ್ಕಿ ಕಲ್ಲಾಗುತ್ತದೆ. ಓಡಿದರೂ ಬಯಲಿನಲ್ಲಿ ಜೀಪಿಗೆ ತಡೆಯಿಲ್ಲ. ಬೆಳೆ ಕಾಯಲೆಂದು ಕೊಟ್ಟ ಕೋವಿಗಳ ಪರವಾನಗಿ ಎಷ್ಟೋ ಕಡೆ ಬೇಟೆಯ ಪರವಾನಗಿಯಾಗಿ ಪರಿಣಮಿಸಿತು. ದೇಶದಲ್ಲಿ 1947ರಲ್ಲಿ ಸುಮಾರು 80,000ದಷ್ಟಿದ್ದ ಕೃಷ್ಣಮೃಗಗಳು 1964ರ ವೇಳೆಗೆ 8,000ಕ್ಕೆ ಇಳಿದಿದ್ದುವೆಂಬುದು ತಜ್ಞರ ಅಂದಾಜು. ಹದಿನೇಳು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಭಾಗ. ಅರಸರ ಚೀತಾಗಳು ಸಾವಿರ ವರ್ಷಗಳಲ್ಲಿ ಮಾಡಲಾಗದ್ದನ್ನು ಸ್ವತಂತ್ರ ದೇಶದ ಪ್ರಜೆಗಳು ಎರಡು ದಶಕಗಳೊಳಗೆ ಮಾಡಿದರು. ಆ ಚೀತಾಗಳಾದರೋ 1952ರಲ್ಲಿಯೇ ಭಾರತದಲ್ಲಿ ಅಳಿದುವೆಂದು ಘೋಷಿತವಾಗಿದ್ದವು.

1963ರಲ್ಲಿ ಮೈಸೂರು ರಾಜ್ಯ ಕಾಡುಪ್ರಾಣಿ, ಕಾಡುಪಕ್ಷಿಗಳ ರಕ್ಷಣೆಗೆ ಹೊಸ ಕಾಯ್ದೆ ಮಾಡಿತು. 1972ರಲ್ಲಿ ಕೇಂದ್ರದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೃಷ್ಣಮೃಗವು ಅದರ ಮೊದಲನೆಯ ಅನುಸೂಚಿಗೆ ಸೇರಿತು. ಕೊಂದವನಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ. 1976ರ ಸಂವಿಧಾನ ತಿದ್ದುಪಡಿಯಿಂದ ಪ್ರಾಣಿಗಳ ಮೇಲೆ ದಯೆ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದಾಯಿತು. ಜೀವದಯೆ ಎಂಬ ಮಾತು ಶ್ರಾವಕಾಚಾರದಿಂದ ರಾಜ್ಯಾಂಗಕ್ಕೆ ಬಂದು ಸೇರಿದ ಈ ಘಟನೆಯ ಮಹತ್ತ್ವವನ್ನು ಜೈನ ವಿದ್ವಾಂಸರೂ ಸಾಕಷ್ಟು ಗುರುತಿಸಿಲ್ಲ. 1991ರ ತಿದ್ದುಪಡಿಯ ನಂತರ ವಿನೋದದ ಬೇಟೆಗೆ ಭಾರತದಲ್ಲಿ ಕಾನೂನಿನ ಆಸರೆ ಉಳಿಯಲಿಲ್ಲ.

ಕಾನೂನು ಕೋವಿಯನ್ನು ಇಳಿಸಿತು, ಆದರೆ ನೆಲವನ್ನು ಉಳಿಸಲಿಲ್ಲ. ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ, ಅಂದರೆ ಸುಮಾರು 30 ಎಕರೆ, ಗೋಮಾಳವನ್ನು ಕಾದಿರಿಸಬೇಕು. ಜಾನುವಾರುಗಳ ಎಣಿಕೆಯಲ್ಲಿ ಜಿಂಕೆ ಬರುವುದಿಲ್ಲ. ಆದ್ದರಿಂದ ಲೆಕ್ಕಕ್ಕಿಂತ ಹೆಚ್ಚಿರುವ ಗೋಮಾಳ ಹೆಚ್ಚುವರಿ ಭೂಮಿ. ಅದನ್ನು ಭೂಹೀನರಿಗೆ, ನಿವೇಶನಗಳಿಗೆ, ಸಂಸ್ಥೆಗಳಿಗೆ ಮಂಜೂರು ಮಾಡಬಹುದು. ಒತ್ತುವರಿ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ವ್ಯವಸ್ಥೆ 1990ರ ದಶಕದಿಂದ ಬಲಗೊಂಡಿತು. ಉಳುವ ನೆಲವಿಲ್ಲದವನಿಗೆ ಎರಡೆಕರೆ ಸಿಕ್ಕಿದ್ದನ್ನು ಅನ್ಯಾಯವೆನ್ನಲಾಗದು. ಅದರ ಬೆಲೆಯನ್ನು ಕುರಿಗಾಹಿಯೂ ಜಿಂಕೆಯೂ ತೆತ್ತರು ಎಂಬುದೂ ಅಷ್ಟೇ ನಿಜ. ಇನ್ನೊಂದು ಕಡೆ, ಅವಿಭಜಿತ ಕೋಲಾರ ಜಿಲ್ಲೆಯಲ್ಲಿ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ನೀಲಗಿರಿ ಮರ ಹಬ್ಬಿದ ಬಗೆ ದೇಶದಾದ್ಯಂತ ಚರ್ಚೆಯಾಯಿತು. ರಾಗಿಯ ಹೊಲಗಳೂ ಪಾಳುಬಿದ್ದ ಹುಲ್ಲುಗಾವಲುಗಳೂ ನೀಲಗಿರಿಯ ತೋಪುಗಳಾದವು. ಹುಲ್ಲುಗಾವಲನ್ನು ಬರಡುನೆಲವೆಂದು ಕರೆದು ಅದಕ್ಕೆ ಮರ ನೆಟ್ಟು ಉಪಕಾರ ಮಾಡಿದೆವೆಂದು ತಿಳಿಯುವುದು ಅಂದಿನ ಅರಣ್ಯನೀತಿಯ ದೊಡ್ಡ ಅಜ್ಞಾನ. ಬಯಲಿನ ಜಿಂಕೆಗೆ ಮರಗಳ ಸಾಲು ಕಾಡಲ್ಲ, ಕಣ್ಣಿಗೆ ಕಟ್ಟಿದ ಪಟ್ಟಿ.

ಹೀಗೆ ಎಲ್ಲ ಕಡೆಯಿಂದ ಒತ್ತಿಬಂದ ಜಿಂಕೆಗಳು ಉಳಿದುಕೊಂಡದ್ದು ಗೌರಿಬಿದನೂರಿಗೆ ತಾಗಿದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರುವ ಮೊದಲು ಈ ಸೀಮೆಯಲ್ಲಿ ಹರಿಯುತ್ತದೆ. ಸುಮಾರು 798 ಎಕರೆಯ ಈ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ರೂಪುಗೊಂಡದ್ದೂ ಅದೇ ವರ್ಷ. ಸಂರಕ್ಷಣಾ ಮೀಸಲು ಎಂಬ ವರ್ಗ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಿಂದ. ಇದರಲ್ಲಿ ಊರವರನ್ನು ಹೊರಗಟ್ಟುವಂತಿಲ್ಲ, ನಿರ್ವಹಣೆಯ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಸ್ಥಾನವಿದೆ. ರಾಣೆಬೆನ್ನೂರಿನ 119 ಚದರ ಕಿಲೋಮೀಟರುಗಳ ಮುಂದೆ ಮೈದನಹಳ್ಳಿಯ ಮೂರು ಚಿಲ್ಲರೆ ಚದರ ಕಿಲೋಮೀಟರು ಒಂದು ಅಂಗೈಯಷ್ಟು. ಆದರೂ ರಾಜ್ಯದಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಕಾಣಸಿಗುವ ಮುಖ್ಯ ತಾಣಗಳಲ್ಲಿ ಇದೂ ಒಂದು.

ಅಂಗೈಯಗಲದ ನೆಲದಲ್ಲಿ ಹಿಂಡು ಬೆಳೆದರೆ ಅದು ಹೊಲಕ್ಕೆ ಇಳಿಯಲೇಬೇಕು. ರಾಗಿಯ ಎಳೆಪೈರು, ಕಡಲೆಕಾಯಿಯ ಬಳ್ಳಿ ಗೋಮಾಳದ ಒಣಹುಲ್ಲಿಗಿಂತ ರುಚಿ. ಮಳೆಯನ್ನೇ ನಂಬಿ ಎರಡು ಮೂರು ಎಕರೆ ಬಿತ್ತಿದ ರೈತನು ಇರುಳೆಲ್ಲ ತಗಡು ಬಡಿಯುತ್ತ ಕಾಯುತ್ತಾನೆ. ಸರ್ಕಾರದ ಪರಿಹಾರ ಅರ್ಜಿ, ಮಹಜರು, ಛಾಯಾಚಿತ್ರಗಳ ದಾರಿ ಹಿಡಿದು ಬರಬೇಕು. ಜಿಂಕೆ ಕೊಲ್ಲಬಾರದೆಂಬ ನೀತಿಯ ಭಾರವನ್ನು ಇಂದು ಹೊತ್ತಿರುವವನು ಈ ರೈತ, ಪೇಟೆಯಲ್ಲಿ ಕುಳಿತು ಅಹಿಂಸೆಯನ್ನು ಕೊಂಡಾಡುವವನಲ್ಲ. ಹಿಂದೆ ಊರಿನ ಶೆಟ್ಟರು ಪಿಂಜರಾಪೋಲುಗಳಿಗೆ, ಜೀವದಯೆಯ ನಿಧಿಗಳಿಗೆ ಹಣ ಎತ್ತಿಡುತ್ತಿದ್ದುದನ್ನು ಬಲ್ಲವರಿಗೆ, ಜಿಂಕೆ ಮೇದ ಹೊಲದ ನಷ್ಟ ತುಂಬಿಕೊಡುವುದೂ ಅಭಯದಾನದ ಒಂದು ರೂಪವೇ ಎಂದು ಹೊಳೆಯಬೇಕಾಗಿತ್ತು.

ಮೀಸಲಿನ ಗಡಿಯಾಚೆ ಕಥೆ ಬೇರೆ. ಹೊಸತೊಡಕಿನ ಬೇಟೆ ಹೆಚ್ಚುಕಡಿಮೆ ನಿಂತಿದೆ. ಮೊಲವೂ ರಕ್ಷಿತ ಪ್ರಾಣಿಯೆಂಬ ತಿಳಿವಳಿಕೆಯಿಂದ ಸ್ವಲ್ಪ, ಸೋವುವಷ್ಟು ಮೊಲಗಳೇ ಇಲ್ಲದ್ದರಿಂದ ಬಹಳ. ಬೇಲಿಗಳಲ್ಲಿ ಬೈಕಿನ ಕ್ಲಚ್ಚು ತಂತಿಯ ಉರುಳುಗಳು ಮಾತ್ರ ಇನ್ನೂ ಸಿಗುತ್ತವೆ. ಊರಾಚೆಯ ಕಸದ ರಾಶಿಗಳಲ್ಲಿ ಬೆಳೆದ ಬೀದಿನಾಯಿಗಳ ಗುಂಪು ಜಿಂಕೆಮರಿಗಳನ್ನು ಅಟ್ಟುತ್ತದೆ, ಅವುಗಳಿಗೆ ಹಿಂದೆ ಅರಸನೂ ಇಲ್ಲ, ಶಕುನವೂ ಇಲ್ಲ. ಗೌರಿಬಿದನೂರಿನಿಂದ ಮಧುಗಿರಿಯ ಕಡೆಗೆ ಹೋಗುವ ರಸ್ತೆಗಳಲ್ಲಿ ಮುಂಜಾನೆಯ ಮಬ್ಬಿನಲ್ಲಿ ಒಂದು ಹೊಲದಿಂದ ಇನ್ನೊಂದಕ್ಕೆ ದಾಟುವ ಹಿಂಡಿನಲ್ಲಿ ಮೊದಲು ಹೆಣ್ಣುಗಳು ನೆಗೆಯುತ್ತವೆ. ಕಪ್ಪು ಬೆನ್ನಿನ ಗಂಡು ದಿಣ್ಣೆಯ ಮೇಲೆ ನಿಂತು, ಬಂದ ವಾಹನ ನಿಲ್ಲುವುದೋ ಮುಂದೆ ಹೋಗುವುದೋ ಎಂದು ನೋಡಿ, ಕೊನೆಗೆ ದಾಟುತ್ತದೆ.